ಗೆದ್ದದ್ದು ಕಾರೋ, ಕಾರು ಓಡಿಸಿದವರೋ?



ವಿಜಯನಗರದ ಮಾರುತಿ ಮಂದಿರದ ಬಳಿ ಒಂದು ಸಂಜೆ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಪಿ.ಯು. ಓದುವ ಇಬ್ಬರು ಹುಡುಗರ ನಡುವೆ ಬಿರುಸಾದ ವಾದ ನಡೆದಿತ್ತು. "ಲೋ, ರೇಸ್‌ನಲ್ಲಿ ದುಡ್ಡಿದ್ದೋನೇ ಗೆಲ್ಲೋದು ಕಣೋ. ಇಂಜಿನ್ ದೊಡ್ಡದಿದ್ರೆ ಯಾರು ಕೂತ್ರೂ ಓಡತ್ತೆ" ಎಂದು ಒಬ್ಬ. "ಹಂಗಾದ್ರೆ ಆ ಕಾರು ನಿಂಗೆ ಕೊಟ್ರೆ ನೀನೂ ಗೆದ್ದುಬಿಡ್ತೀಯೇನೋ?" ಎಂದು ಇನ್ನೊಬ್ಬ. ಅಷ್ಟರಲ್ಲಿ ಬಸ್ಸು ಬಂತು, ವಾದ ಅರ್ಧಕ್ಕೇ ನಿಂತಿತು.

ಇದು ಬರಿಯ ಹರಟೆಯ ವಿಷಯವಲ್ಲ. ಮೊದಲನೆಯ ಹುಡುಗ ಹೇಳಿದ್ದೇ ಪೂರ್ತಿ ನಿಜವಾದರೆ, ಸಂಬಳದ ಮೇಲೆ ಬದುಕುವ ಮನೆಯ ಮಗನೋ ಮಗಳೋ ಈ ಕ್ರೀಡೆಯ ಕಡೆ ಕಣ್ಣೆತ್ತಿಯೂ ನೋಡಬೇಕಾಗಿಲ್ಲ. ಎರಡನೆಯವನ ಮಾತಿನಲ್ಲಿ ಹುರುಳಿದ್ದರೆ, ಅವರಲ್ಲಿರುವ ಕೌಶಲವನ್ನು ಕಾರಿನಿಂದ ಬೇರ್ಪಡಿಸಿ ಅಳೆಯುವ ದಾರಿಯೊಂದು ಇರಬೇಕು. ಅಂಥ ದಾರಿ ಇದೆಯೇ ಎಂಬುದನ್ನು ನೋಡೋಣ.

ಮೊದಲು ನನ್ನದೇ ಒಂದು ಫಜೀತಿ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನೆಂಟರ ಮಕ್ಕಳ ಜೊತೆ ಊರ ಹೊರಗಿನ ಒಂದು ಗೋ-ಕಾರ್ಟ್ ಮೈದಾನಕ್ಕೆ ಹೋಗಿದ್ದೆ. ಗೋ-ಕಾರ್ಟ್ ಎಂದರೆ ನೆಲಕ್ಕೆ ಅಂಟಿಕೊಂಡಂತಿರುವ, ಸಣ್ಣ ಇಂಜಿನ್ನಿನ ನಾಲ್ಕು ಗಾಲಿಯ ಬಂಡಿ. ಅಲ್ಲಿ ಬಾಡಿಗೆಗೆ ಸಿಗುತ್ತದೆ. ಹತ್ತು ಸುತ್ತು ಹಾಕಿ ಇಳಿದವನೇ, "ಈ ಗಾಡಿ ಎಳೆಯುವುದೇ ಇಲ್ಲ" ಎಂದು ದೂರಿದೆ. ಮುಂದಿನ ಸರದಿಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಅದೇ ಗಾಡಿಯಲ್ಲಿ ಕೂತು, ಪ್ರತಿ ಸುತ್ತಿಗೂ ನನಗಿಂತ ಸುಮಾರು ನಾಲ್ಕು ಸೆಕೆಂಡು ಬೇಗ ಮುಗಿಸಿದಳು. ಕುಣಿಯಲಾರದವಳು ನೆಲ ಡೊಂಕೆಂದಳಂತೆ! ಅವಳ ಮೈತೂಕ ಕಡಿಮೆ, ಅದರಿಂದ ಸ್ವಲ್ಪ ಲಾಭವಾಯಿತು ಎಂಬುದು ನನ್ನ ಸಮಾಧಾನ. ಅದು ಸುಳ್ಳೂ ಅಲ್ಲ. ಗಾಡಿ 150 ಕಿಲೋ ಇದೆ ಎಂದುಕೊಳ್ಳಿ. ನಾನು ಕೂತರೆ 225, ಅವಳು ಕೂತರೆ 190. ಇಂಜಿನ್ನು ಅದೇ ಬಲದಿಂದ ತಳ್ಳುವಾಗ ಹಗುರಾದದ್ದು ಬೇಗ ವೇಗ ಪಡೆಯುತ್ತದೆ. ಅದಕ್ಕೇ ಸ್ಪರ್ಧೆಗಳಲ್ಲಿ ಚಾಲಕನನ್ನೂ ಸೇರಿಸಿ ತೂಗಿ, ಕಡಿಮೆ ಬಿದ್ದವರ ಗಾಡಿಗೆ ಸೀಸದ ತುಂಡು ಕಟ್ಟುತ್ತಾರೆ. ಆದರೆ ನಾಲ್ಕೂ ಸೆಕೆಂಡನ್ನು ತೂಕದ ಲೆಕ್ಕಕ್ಕೆ ಬರೆಯುವ ಧೈರ್ಯ ನನಗಿಲ್ಲ.

ಹಾಗಾದರೆ ಉಳಿದ ಸೆಕೆಂಡುಗಳನ್ನು ಅವಳು ಎಲ್ಲಿಂದ ತಂದಳು? ಉತ್ತರ ತಿರುವುಗಳಲ್ಲಿದೆ. ನಿಮ್ಮ ಭೌತಶಾಸ್ತ್ರದ ಪುಸ್ತಕವನ್ನು ಸ್ವಲ್ಪ ನೆನಪಿಸಿಕೊಳ್ಳಿ. ತಿರುವಿನಲ್ಲಿ ಕಾರನ್ನು ಒಳಕ್ಕೆ ಎಳೆದು ಹಿಡಿಯುವ ಕೇಂದ್ರಾಭಿಮುಖ ಬಲವನ್ನು ಕೊಡುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಹಾಗಾಗಿ ಜಾರದೆ ಹೋಗಬಹುದಾದ ಗರಿಷ್ಠ ವೇಗವು ಘರ್ಷಣಾ ಗುಣಾಂಕ, ಗುರುತ್ವ ವೇಗೋತ್ಕರ್ಷ ಮತ್ತು ತಿರುವಿನ ತ್ರಿಜ್ಯ ಇವುಗಳ ಗುಣಲಬ್ಧದ ವರ್ಗಮೂಲಕ್ಕೆ ಸಮ. ಈ ಸೂತ್ರದಲ್ಲಿ ಇಂಜಿನ್ನಿನ ಹೆಸರೇ ಇಲ್ಲವೆಂಬುದನ್ನು ಗಮನಿಸಿ.

ಈಗ ಲೆಕ್ಕ ಮಾಡೋಣ. ತ್ರಿಜ್ಯ 50 ಮೀಟರ್, ಘರ್ಷಣಾ ಗುಣಾಂಕ 0.8 ಆದರೆ ವೇಗ ಸೆಕೆಂಡಿಗೆ 19.8 ಮೀಟರ್, ಅಂದರೆ ಗಂಟೆಗೆ ಸುಮಾರು 71 ಕಿ.ಮೀ. ದುಡ್ಡು ಸುರಿದು ಇನ್ನೂ ಅಂಟುವ ಟೈರು ಹಾಕಿಸಿ ಗುಣಾಂಕವನ್ನು 1ಕ್ಕೆ ಏರಿಸಿದಿರಿ ಎನ್ನಿ. ವೇಗ ಸುಮಾರು 80 ಕಿ.ಮೀ.ಗೆ ಏರುತ್ತದೆ. ಆದರೆ ಇನ್ನೊಬ್ಬಾಕೆ ಹಳೆಯ ಟೈರಿನಲ್ಲೇ ಬಂದಿದ್ದಾಳೆ. ಅವಳು ರಸ್ತೆಯ ನಡುವಿನಲ್ಲೇ ತಿರುಗುವುದಿಲ್ಲ. ಹೊರಅಂಚಿನಿಂದ ಒಳಕ್ಕೆ ಸರಿದು, ತಿರುವಿನ ಒಳಮೂಲೆಯನ್ನು ಸವರಿ, ಮತ್ತೆ ಹೊರಅಂಚಿಗೆ ಹರಿದು ಹೋಗುತ್ತಾಳೆ. ಹಾಗೆ ಮಾಡಿದಾಗ ಅವಳು ಹಿಡಿದ ಹಾದಿಯ ತ್ರಿಜ್ಯ 65 ಮೀಟರ್ ಆಯಿತು ಎನ್ನಿ. ಅವಳ ವೇಗ ಗಂಟೆಗೆ 81 ಕಿ.ಮೀ. ನೀವು ಅಂಗಡಿಯಲ್ಲಿ ಕೊಂಡದ್ದನ್ನು ಆಕೆ ರಸ್ತೆಯ ಅಗಲದಿಂದಲೇ ಪಡೆದುಕೊಂಡಳು. ರೇಸಿನವರು ಇದನ್ನೇ 'ಲೈನ್' ಹಿಡಿಯುವುದು ಎನ್ನುತ್ತಾರೆ.

ಬ್ರೇಕಿನದೂ ಇದೇ ಕಥೆ. ಗಂಟೆಗೆ 120 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ 3.3 ಮೀಟರ್ ಸಾಗುತ್ತದೆ. ಇದು ಹೆಚ್ಚು ಕಡಿಮೆ ಒಂದು ಮಾರುತಿ 800ರ ಉದ್ದ. ಕಣ್ಣು ಮಿಟುಕಿಸುವಷ್ಟು ಹೊತ್ತು ಮುಂಚೆ ಬ್ರೇಕ್ ಒತ್ತಿದವನು ಪ್ರತಿ ತಿರುವಿನಲ್ಲೂ ಒಂದು ಕಾರಿನಷ್ಟು ಜಾಗವನ್ನು ಬಿಟ್ಟುಕೊಡುತ್ತಾನೆ. ಹತ್ತು ತಿರುವಾದರೆ ಹತ್ತು ಕಾರಿನಷ್ಟು. ಹಾಗೆಂದು ತಡವಾಗಿ ಒತ್ತಿದವನು ಜಾಣನೇನಲ್ಲ. ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರೆಲ್ಲ ಮುಂದಕ್ಕೆ ವಾಲುವುದನ್ನು ನೀವು ದಿನವೂ ಅನುಭವಿಸಿದ್ದೀರಿ. ಕಾರಿನ ಭಾರವೂ ಹಾಗೆಯೇ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ, ಹಿಂದಿನ ಗಾಲಿಗಳು ಹಗುರಾಗುತ್ತವೆ. ಆ ಕ್ಷಣದಲ್ಲಿ ಸ್ಟಿಯರಿಂಗನ್ನು ಜೋರಾಗಿ ತಿರುಗಿಸಿದರೆ ಕಾರಿನ ಹಿಂಭಾಗ ಜಾರಿ ಗಿರ್ರನೆ ಸುತ್ತುತ್ತದೆ. ಟೈರಿಗಿರುವ ಹಿಡಿತ ಒಂದು ಗಂಟಿನ ಹಣವಿದ್ದಂತೆ. ಅದರಲ್ಲಿ ಬ್ರೇಕಿಗೆ ಎಷ್ಟು, ತಿರುವಿಗೆ ಎಷ್ಟು ಎಂದು ಹಂಚಿ ಖರ್ಚು ಮಾಡಬೇಕು. ಈ ಹಂಚಿಕೆಯೇ ಚಾಲಕನ ಕೈಗುಣ.

ಇಂಜಿನ್ನಿಗೆ ಬೆಲೆಯೇ ಇಲ್ಲವೆಂದು ತಿಳಿಯಬೇಡಿ. ನೇರ ದಾರಿಯಲ್ಲಿ ಅದೇ ರಾಜ. ಒಂದೇ ಸಮ ಕೌಶಲದ ಇಬ್ಬರಲ್ಲಿ ಬಲವಾದ ಇಂಜಿನ್ನಿನವನು ಗೆಲ್ಲುತ್ತಾನೆ. ಅದರಲ್ಲಿ ಅನುಮಾನ ಬೇಡ. ಆದರೆ ವೇಗ ಹೆಚ್ಚಿದಂತೆ ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗರಿಷ್ಠ ವೇಗವನ್ನು ಶೇಕಡಾ 10 ಹೆಚ್ಚಿಸಬೇಕಾದರೆ ಸುಮಾರು ಶೇಕಡಾ 33 ಹೆಚ್ಚು ಶಕ್ತಿ ಬೇಕು. ಕಾರಿನ ಮೇಲೆ ಹಾಕುವ ಹಣ ಮೊದಮೊದಲು ಫಲ ಕೊಟ್ಟು, ಆಮೇಲಾಮೇಲೆ ಕೈಕೊಡುವುದು ಹೀಗೆ.

ದಕ್ಷಿಣ ಭಾರತದಲ್ಲಿ ಈ ಪ್ರಶ್ನೆಗೆ ಕೈಯಾರೆ ಉತ್ತರ ಕಟ್ಟಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. ಅಂದು ಮದರಾಸಿನ ಬಳಿಯ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧ ಕಾಲದ ವಿಮಾನಪಟ್ಟಿಯ ಮೇಲೆ ರೇಸುಗಳು ನಡೆಯುತ್ತಿದ್ದವು. ವಿದೇಶಿ ಕಾರು ತರಿಸುವ ಶಕ್ತಿಯಿದ್ದವರು ಒಂದು ಕಡೆ, ಮನೆಯ ಕಾರನ್ನೇ ಬಿಚ್ಚಿ ಜೋಡಿಸಿ ತಂದವರು ಇನ್ನೊಂದು ಕಡೆ. ಅಲ್ಲಿ ಯಾರು ಗೆದ್ದರೂ ಅದು ಕಾರಿನ ಗೆಲುವೋ ಚಾಲಕನದೋ ಹೇಳುವುದು ಕಷ್ಟವಿತ್ತು. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಮೂರು ಸಿಲಿಂಡರಿನ 796 ಸಿ.ಸಿ. ಇಂಜಿನ್ ಬಳಸಿ, ಒಬ್ಬರೇ ಕೂರುವ ಪುಟ್ಟ ರೇಸ್ ಕಾರನ್ನು ರೂಪಿಸಿದರು. ಅದೇ ಫಾರ್ಮುಲಾ ಮಾರುತಿ. ನಮ್ಮ ಬೀದಿ ಬೀದಿಯಲ್ಲಿ ಓಡುತ್ತಿದ್ದ ಕಾರಿನದೇ ಇಂಜಿನ್ನು! ಬೆಲೆ ಕೈಗೆಟಕುವಂಥದು, ಬಿಡಿಭಾಗ ಎಲ್ಲೆಡೆ ಸಿಗುವಂಥದು, ಎಲ್ಲರ ಕಾರೂ ಒಂದೇ ಬಗೆಯದು. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಆರಂಭವಾದ ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಅವರ ಹೆಸರನ್ನೇ ಇಡಲಾಗಿದೆ.

ಆ ಫಾರ್ಮುಲಾ ಮಾರುತಿಯಿಂದ ಹೊರಟವರೇ ನರೇನ್ ಕಾರ್ತಿಕೇಯನ್. 2005ರಲ್ಲಿ ಅವರು ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು. ಆ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮಿಷೆಲಿನ್ ಟೈರುಗಳು ಅಲ್ಲಿನ ಓರೆ ತಿರುವಿಗೆ ಸುರಕ್ಷಿತವಲ್ಲವೆಂದು ಆ ಟೈರಿನ 14 ಕಾರುಗಳು ಹಿಂದೆ ಸರಿದವು. ಉಳಿದ ಆರರಲ್ಲಿ ನರೇನ್ ನಾಲ್ಕನೆಯವರಾಗಿ ಮುಗಿಸಿದರು. ಆ ಪಂದ್ಯಾವಳಿಯಲ್ಲಿ ಅವರಿಗೆ ದಕ್ಕಿದ ಅಂಕಗಳೆಲ್ಲ ಆ ಒಂದು ದಿನದವು. ಮುಂದೆ 2011ರಲ್ಲಿ ಅವರು ಸೇರಿದ ತಂಡದ ಕಾರು ಎಷ್ಟು ನಿಧಾನವೆಂದರೆ, ಆಸ್ಟ್ರೇಲಿಯಾದಲ್ಲಿ ಆ ತಂಡದ ಎರಡೂ ಕಾರುಗಳಿಗೆ ಓಟಕ್ಕಿಳಿಯುವ ಅರ್ಹತೆಯೇ ಸಿಗಲಿಲ್ಲ. ಅತಿ ವೇಗದವನು 100 ಸೆಕೆಂಡಿನಲ್ಲಿ ಸುತ್ತು ಮುಗಿಸಿದರೆ ಉಳಿದವರು 107ರೊಳಗೆ ಮುಗಿಸಬೇಕೆಂಬ ನಿಯಮ ಅಡ್ಡ ಬಂತು. ಚಾಲಕ ಅವರೇ; ಕೈಯಲ್ಲಿದ್ದ ಕಾರು ಬೇರೆ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಇದನ್ನು ತಪ್ಪಾಗಿ ತಿಳಿಯುತ್ತಾರೆ. ಫಾರ್ಮುಲಾ ಒನ್‌ನಲ್ಲಿ ಕಾರೇ ಮುಖ್ಯವೆಂದು ಕಾಣುವುದು ಅಲ್ಲಿ ಚಾಲಕನ ಕೆಲಸ ಸುಲಭವೆಂದಲ್ಲ. ಅಲ್ಲಿಗೆ ತಲುಪುವ ಹೊತ್ತಿಗೆ ಜರಡಿ ಹಿಡಿದು ಹಿಡಿದು, ಉಳಿದವರೆಲ್ಲ ಬಹುತೇಕ ಒಂದೇ ಮಟ್ಟದವರಾಗಿರುತ್ತಾರೆ. ಚಾಲಕರ ನಡುವಿನ ಅಂತರ ಕಿರಿದಾದಾಗ ಕಾರುಗಳ ನಡುವಿನ ಅಂತರ ಎದ್ದು ಕಾಣುತ್ತದೆ. ಹವ್ಯಾಸಿಗಳ ಓಟದಲ್ಲಿ ಇದು ತಿರುಗುಮುರುಗು. ಒಬ್ಬ ಹತ್ತು ವರ್ಷ ಓಡಿಸಿದವನು, ಇನ್ನೊಬ್ಬ ಹೋದ ವಾರ ಹೆಲ್ಮೆಟ್ ಕೊಂಡವನು. ಅಲ್ಲಿ ಎರಡನೆಯವನಿಗೆ ದುಬಾರಿ ಕಾರು ಕೊಟ್ಟರೂ ಮೊದಲನೆಯವನ ಬೆನ್ನೇ ಅವನಿಗೆ ಗತಿ. 'ಕಾರಿನ ಪಾಲು ಇಷ್ಟು, ಚಾಲಕನ ಪಾಲು ಅಷ್ಟು' ಎಂದು ಯಾರಾದರೂ ಶೇಕಡಾವಾರು ಹೇಳಿದರೆ, ಯಾವ ಗುಂಪಿನಲ್ಲಿ ಅಳೆದಿರಿ ಎಂದು ಮೊದಲು ಕೇಳಿ.

ಅಳೆಯುವುದು ಹೇಗೆ? ಅದಲುಬದಲು ಮಾಡಬೇಕು. ಇಬ್ಬರು ಚಾಲಕರು, ಎರಡು ಗಾಡಿ, ಒಟ್ಟು ನಾಲ್ಕು ಅಳತೆ. ಉದಾಹರಣೆಗೆ, ನುರಿತವಳು ಒಳ್ಳೆಯ ಗಾಡಿಯಲ್ಲಿ 62 ಸೆಕೆಂಡು, ಕೆಟ್ಟದರಲ್ಲಿ 63. ಹೊಸಬ ಒಳ್ಳೆಯದರಲ್ಲಿ ಅರವತ್ತನಾಲ್ಕೂವರೆ, ಕೆಟ್ಟದರಲ್ಲಿ ಅರವತ್ತಾರೂವರೆ ಎಂದುಕೊಳ್ಳಿ. ಗಾಡಿಯಿಂದಾದ ವ್ಯತ್ಯಾಸ ಎಷ್ಟು? ಅವಳಿಗೆ ಒಂದು ಸೆಕೆಂಡು, ಅವನಿಗೆ ಎರಡು! ಕಾರಿನ ದೋಷವನ್ನು ನುರಿತ ಕೈ ಅರ್ಧ ಮುಚ್ಚಿಹಾಕಿತು. ಕಾರು ಮತ್ತು ಚಾಲಕನ ಪಾಲನ್ನು ಬೇರೆ ಬೇರೆ ಕೂಡಿಸಿ ಮೊತ್ತ ಬರೆಯಲಾಗದು, ಒಂದು ಇನ್ನೊಂದನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. 1973ರಲ್ಲಿ ಅಮೆರಿಕದಲ್ಲಿ ಬೇರೆ ಬೇರೆ ಬಗೆಯ ರೇಸುಗಳ 12 ಮಂದಿ ಹೆಸರಾಂತ ಚಾಲಕರನ್ನು ಒಂದೇ ಬಗೆಯ ಪೋರ್ಷ ಕಾರುಗಳಲ್ಲಿ ಕೂರಿಸಿ ಓಡಿಸಿದ್ದು ಇದೇ ಕುತೂಹಲದಿಂದ. ಅದರಲ್ಲಿ ಗೆದ್ದವರು ಮಾರ್ಕ್ ಡೊನೊಹ್ಯೂ.

ನಮ್ಮ ನಾಡಿಗೂ ಈ ಪ್ರಶ್ನೆ ಹೊಸದಲ್ಲ. ಕರಾವಳಿಯ ಕಂಬಳವನ್ನು ನೆನೆಯಿರಿ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ, 100 ಮೀಟರಿಗೆ 9.55 ಸೆಕೆಂಡು, ಉಸೇನ್ ಬೋಲ್ಟ್‌ಗಿಂತ ವೇಗ ಎಂದು ಸುದ್ದಿ ಹಬ್ಬಿಸಿದರು. ಕ್ರೀಡಾ ಪ್ರಾಧಿಕಾರದಿಂದ ಪರೀಕ್ಷೆಗೆ ಕರೆಯೂ ಬಂತು. ಗೌಡರು ಒಪ್ಪಲಿಲ್ಲ. ಕೋಣಗಳ ಜೊತೆ ಓಡುವುದೇ ಬೇರೆ ಎಂಬುದು ಅವರಿಗೆ ಗೊತ್ತಿತ್ತು. ಹಗ್ಗ ಹಿಡಿದವನನ್ನು ಕೋಣಗಳು ಸೆಳೆಯುತ್ತವೆ, ನಿಜ. ಆದರೆ ಕೆಸರಿನಲ್ಲಿ ಆ ವೇಗಕ್ಕೆ ಕಾಲು ಹೊಂದಿಸುವುದು ನನ್ನಂಥವನಿಂದ ಆದೀತೇ?

ಇನ್ನು, ಕಾರಿನ ವೇಗಕ್ಕೆ ಬೆಲೆಯೇ ಕೊಡದ ಸ್ಪರ್ಧೆಯೂ ಉಂಟು. ಕಾಲ-ವೇಗ-ದೂರದ ರ್‍ಯಾಲಿಗಳಲ್ಲಿ ಗಂಟೆಗೆ 32 ಕಿ.ಮೀ. ಸರಾಸರಿಯಲ್ಲಿ 7.2 ಕಿ.ಮೀ. ಹೋಗು ಎಂದರೆ, 13 ನಿಮಿಷ 30 ಸೆಕೆಂಡಿಗೆ ಸರಿಯಾಗಿ ಅಲ್ಲಿರಬೇಕು. ತಡವಾದರೂ ದಂಡ, ಬೇಗ ಬಂದರೂ ದಂಡ. ಪಕ್ಕದಲ್ಲಿ ಕೂತು ಲೆಕ್ಕ ಹಾಕುವವರ ತಲೆಯೇ ಇಲ್ಲಿ ಇಂಜಿನ್ನು. ಮನೆಯ ಹಳೆಯ ಕಾರೂ ಸಾಕು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸಿಕೊಂಡು ಬಂದಿರುವ ಕೆ-1000, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣುದಾರಿಯ ರ್‍ಯಾಲಿ ಇವು ವೇಗದ ಸ್ಪರ್ಧೆಗಳೇ. ಆದರೂ ಅಲ್ಲಿ ಇಂಜಿನ್ನಿನ ಗಾತ್ರಕ್ಕೆ ತಕ್ಕಂತೆ ವರ್ಗಗಳಿರುವುದರಿಂದ ಚಿಕ್ಕ ಕಾರಿನವರು ಚಿಕ್ಕ ಕಾರಿನವರೊಡನೆಯೇ ಸೆಣಸುತ್ತಾರೆ.

ಕಾರ್ಡ್ ರಸ್ತೆಯಲ್ಲೋ ಕೆಂಗೇರಿ ಕಡೆಯ ನೈಸ್ ರಸ್ತೆಯಲ್ಲೋ ನಡುರಾತ್ರಿ ಪಂದ್ಯ ಕಟ್ಟುವವರ ಬಗ್ಗೆಯೂ ಎರಡು ಮಾತು. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಸರ್ಕಾರದ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ಅಪರಾಧ. ಅದಿರಲಿ, ಅಲ್ಲಿ ಏನನ್ನೂ ಅಳೆಯಲಾಗದು. ಒಬ್ಬನಿಗೆ ಲಾರಿ ಅಡ್ಡ ಬಂತು, ಇನ್ನೊಬ್ಬನಿಗೆ ರಸ್ತೆ ಖಾಲಿ ಸಿಕ್ಕಿತು. ಗೆದ್ದವನು ಚಾಲಕನೂ ಅಲ್ಲ, ಕಾರೂ ಅಲ್ಲ, ಆ ಲಾರಿ. ಟ್ರ್ಯಾಕಿನ ತಿರುವಿನ ಹೊರಗೆ ಜಾರಿದವನಿಗಾಗಿ ಮರಳೋ ಹುಲ್ಲೋ ಇರುತ್ತದೆ. ರಸ್ತೆಯ ತಿರುವಿನ ಹೊರಗೆ ಚಹಾ ಕುಡಿಯುತ್ತ ನಿಂತವರಿರುತ್ತಾರೆ.

ಗೋ-ಕಾರ್ಟ್ ಓಡಿಸಿ ಮುಗಿಸಿದ ಮೇಲೆ ಪ್ರತಿ ಸುತ್ತಿನ ಕಾಲವನ್ನು ಮುದ್ರಿಸಿದ ಚೀಟಿ ಕೊಡುತ್ತಾರೆ. ಎಲ್ಲರೂ ಅದರಲ್ಲಿ ತಮ್ಮ ಅತಿ ವೇಗದ ಸುತ್ತನ್ನು ಮಾತ್ರ ನೋಡಿ ಹಿಗ್ಗುತ್ತಾರೆ. ನೀವು ಹತ್ತೂ ಸುತ್ತುಗಳನ್ನು ನೋಡಿ. ಗಾಡಿಯೇ ಕೆಟ್ಟದಾಗಿದ್ದರೆ ಎಲ್ಲ ಸುತ್ತುಗಳೂ ಒಂದೇ ಸಮ ನಿಧಾನವಾಗಿರುತ್ತವೆ. ಕೈ ಪಳಗದಿದ್ದರೆ ಒಂದು ಸುತ್ತು ಬೇಗ, ಮತ್ತೊಂದು ತಡ, ಅಂಕಿಗಳು ಚೆಲ್ಲಾಪಿಲ್ಲಿ. ಆ ಹುಡುಗಿಯ ಹತ್ತು ಸುತ್ತುಗಳ ನಡುವೆ ಅರ್ಧ ಸೆಕೆಂಡಿನ ಅಂತರವೂ ಇರಲಿಲ್ಲ. ನನ್ನ ಚೀಟಿಯಲ್ಲಿ ಮೊದಲ ಸುತ್ತಿಗೂ ಆರನೆಯದಕ್ಕೂ ಐದು ಸೆಕೆಂಡು.