ಹಳೆಯ ಫೋನಿನ ಆಯುಷ್ಯ

ನೇಗಿಲಿನ ಕುಳ ಸವೆದರೆ ಕಮ್ಮಾರನು ಅದನ್ನು ಕಾಯಿಸಿ ತಟ್ಟಿಕೊಡುತ್ತಾನೆ. ಗಡಿಯಾರ ನಿಂತರೆ ರಿಪೇರಿಯವನು ಅದರ ಚಕ್ರವನ್ನು ಬದಲಿಸುತ್ತಾನೆ. ಈ ವಸ್ತುಗಳ ಮುಪ್ಪು ಕಣ್ಣಿಗೆ ಕಾಣುವಂಥದು. ಸ್ಮಾರ್ಟ್‌ಫೋನಿನ ಸಂಗತಿ ಹಾಗಲ್ಲ. ಗಾಜು ಒಡೆದಿರುವುದಿಲ್ಲ; ಮಾತು ಸ್ಪಷ್ಟವಾಗಿ ಕೇಳುತ್ತದೆ; ಬ್ಯಾಟರಿಯೂ ಸಂಜೆಯವರೆಗೆ ಬಾಳುತ್ತದೆ. ಆದರೂ ಒಂದು ದಿನ ಅದನ್ನು ತಯಾರಿಸಿದ ಕಂಪನಿಯು ಆ ಮಾದರಿಗೆ ಇನ್ನು ಅಪ್‌ಡೇಟ್ ಇಲ್ಲವೆಂದು ತೀರ್ಮಾನಿಸುತ್ತದೆ. ಫೋನಿನ ಒಡೆಯನಿಗೆ ಈ ತೀರ್ಮಾನ ಎಷ್ಟೋ ವೇಳೆ ತಿಳಿಯುವುದೇ ಇಲ್ಲ.

ಅಪ್‌ಡೇಟ್ ಎಂದರೆ ಫೋನನ್ನು ನಡೆಸುವ ತಂತ್ರಾಂಶಕ್ಕೆ ಕಂಪನಿಯು ಕಳುಹಿಸುವ ತಿದ್ದುಪಡಿ. ಅದರಲ್ಲಿ ಎರಡು ಬಗೆಗಳಿವೆ. ಹೊಸ ಸೌಲಭ್ಯಗಳನ್ನು, ಹೊಸ ರೂಪವನ್ನು ತರುವುದು ಒಂದು. ಹಳೆಯ ತಪ್ಪುಗಳನ್ನು ಮುಚ್ಚುವುದು ಇನ್ನೊಂದು. ಜನರ ಗಮನವೆಲ್ಲ ಮೊದಲನೆಯದರ ಮೇಲಿದ್ದರೂ ಮುಖ್ಯವಾದುದು ಎರಡನೆಯದೇ. ತಂತ್ರಾಂಶವು ಮನುಷ್ಯರೇ ಬರೆದ ಲಕ್ಷಾಂತರ ಸಾಲುಗಳ ಆದೇಶಗಳಿಂದ ಆದದ್ದು. ಅದರಲ್ಲಿ ಅಲ್ಲಲ್ಲಿ ದೋಷಗಳು ಉಳಿಯುವುದು ಅನಿವಾರ್ಯ. 2015ರಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ದೋಷ ಬೆಳಕಿಗೆ ಬಂದಿತು. ದುರುದ್ದೇಶದಿಂದ ರಚಿಸಿದ ಒಂದು ದೃಶ್ಯಸಂದೇಶವನ್ನು ಕಳುಹಿಸಿದರೆ ಸಾಕು, ಒಡೆಯನು ಅದನ್ನು ತೆರೆಯದಿದ್ದರೂ ಫೋನು ಪರರ ವಶವಾಗುವ ಸಂಭವವಿತ್ತು. ಸುಮಾರು 95 ಕೋಟಿ ಸಾಧನಗಳು ಈ ಅಪಾಯಕ್ಕೆ ಒಳಗಾಗಿವೆಯೆಂದು ಆಗ ಅಂದಾಜು ಮಾಡಲಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಗೂಗಲ್ ಕಂಪನಿಯು ತಿಂಗಳಿಗೊಮ್ಮೆ ಭದ್ರತಾ ತಿದ್ದುಪಡಿಯನ್ನು ಪ್ರಕಟಿಸುವ ಪದ್ಧತಿಯನ್ನು ಆರಂಭಿಸಿತು.

ಇಲ್ಲಿ ಒಂದು ವಿಚಿತ್ರವಿದೆ. ತಿದ್ದುಪಡಿ ಪ್ರಕಟವಾದೊಡನೆ, ಗೋಡೆಯ ಯಾವ ಭಾಗದಲ್ಲಿ ಬಿರುಕಿತ್ತೆಂಬುದು ಕಳ್ಳನಿಗೂ ತಿಳಿದಂತಾಗುತ್ತದೆ. ತಿದ್ದುಪಡಿ ಪಡೆದ ಫೋನು ಸುರಕ್ಷಿತವಾಗುತ್ತದೆ. ಪಡೆಯದ ಹಳೆಯ ಫೋನು ಮೊದಲಿಗಿಂತ ಹೆಚ್ಚು ಅಪಾಯಕ್ಕೆ ಸಿಲುಕುತ್ತದೆ. ಯುಪಿಐ ಮೂಲಕ ತರಕಾರಿ ಮಾರುವವರೂ ಹಣ ಪಡೆಯುವ ಈ ಕಾಲದಲ್ಲಿ ಫೋನು ಕೇವಲ ಮಾತಿನ ಯಂತ್ರವಲ್ಲ, ಹಣದ ಚೀಲವೂ ಹೌದು.

ಹಾಗಿದ್ದ ಮೇಲೆ ಕಂಪನಿಗಳು ಅಪ್‌ಡೇಟ್ ನಿಲ್ಲಿಸುವುದೇಕೆ? ಹೊಸ ಫೋನು ಮಾರುವ ಆಸೆ ಒಂದು ಕಾರಣವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದೊಂದೇ ಕಾರಣವಲ್ಲ. ಆಂಡ್ರಾಯ್ಡ್ ಫೋನಿಗೆ ಅಪ್‌ಡೇಟ್ ಬರುವುದು ಹಲವರ ಕೈ ದಾಟಿ. ಗೂಗಲ್ ಮೂಲ ತಂತ್ರಾಂಶವನ್ನು ಸಿದ್ಧಪಡಿಸುತ್ತದೆ. ಚಿಪ್ ತಯಾರಿಸುವ ಕಂಪನಿಯು ಅದನ್ನು ತನ್ನ ಚಿಪ್‌ಗೆ ಹೊಂದಿಸುತ್ತದೆ. ಫೋನಿನ ತಯಾರಕನು ಅದನ್ನು ತನ್ನ ಪ್ರತಿಯೊಂದು ಮಾದರಿಯಲ್ಲಿಯೂ ಪರೀಕ್ಷಿಸಬೇಕು. ನಡುವಿನ ಚಿಪ್ ಕಂಪನಿಯು ಹಿಂದೆ ಸರಿದರೆ ಉಳಿದವರ ಕೆಲಸ ಬಹಳ ಕಠಿಣವಾಗುತ್ತದೆ.

ಕಠಿಣವೇ ಹೊರತು ಅಸಾಧ್ಯವಲ್ಲ. ನೆದರ್‌ಲೆಂಡ್ಸಿನ ಫೇರ್‌ಫೋನ್ ಎಂಬ ಚಿಕ್ಕ ಕಂಪನಿಯು 2015ರಲ್ಲಿ ತನ್ನ ಎರಡನೆಯ ಫೋನನ್ನು ಮಾರುಕಟ್ಟೆಗೆ ತಂದಿತು. ಕೆಲವು ವರ್ಷಗಳಲ್ಲಿಯೇ ಅದರ ಚಿಪ್‌ಗೆ ತಯಾರಕರ ಬೆಂಬಲ ನಿಂತುಹೋಯಿತು. ಆದರೂ ಕಂಪನಿಯು ಎದೆಗುಂದದೆ ತಾನೇ ತಂತ್ರಾಂಶವನ್ನು ಹೊಂದಿಸುತ್ತ ಹೋಯಿತು. ಆಂಡ್ರಾಯ್ಡ್ 5ರೊಂದಿಗೆ ಹೊರಬಂದ ಆ ಫೋನು ಆಂಡ್ರಾಯ್ಡ್ 10ರವರೆಗೆ ಏರಿತು. ಏಳು ವರ್ಷಗಳಿಗೂ ಹೆಚ್ಚು ಕಾಲ ಅಪ್‌ಡೇಟ್ ಪಡೆದು 2023ರ ಮಾರ್ಚ್‌ನಲ್ಲಿ ನಿವೃತ್ತವಾಯಿತು. ಚಿಕ್ಕ ಕಂಪನಿಗೆ ಸಾಧ್ಯವಾದುದು ಬೃಹತ್ ಕಂಪನಿಗಳಿಗೆ ಸಾಧ್ಯವಿಲ್ಲವೆಂದರೆ ನಂಬುವುದು ಕಷ್ಟ.

ಹಳೆಯ ಯಂತ್ರಕ್ಕೆ ಹೊಸ ತಂತ್ರಾಂಶ ಹೊರೆಯಾಗುತ್ತದೆಂಬುದು ಕಂಪನಿಗಳ ಇನ್ನೊಂದು ವಾದ. ಇದರಲ್ಲಿ ಹುರುಳಿಲ್ಲದಿಲ್ಲ. ಸವೆದ ಬ್ಯಾಟರಿಯುಳ್ಳ ಹಳೆಯ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದುದಾಗಿ ಆಪಲ್ ಕಂಪನಿಯು 2017ರಲ್ಲಿ ಒಪ್ಪಿಕೊಂಡಿತು. ಗ್ರಾಹಕರಿಗೆ ಇದನ್ನು ಮೊದಲೇ ತಿಳಿಸಲಿಲ್ಲವೆಂದು ಫ್ರಾನ್ಸ್ ದೇಶವು 2020ರಲ್ಲಿ 2.5 ಕೋಟಿ ಯೂರೊ ದಂಡ ವಿಧಿಸಿತು. ಆದರೆ ಹೊರೆಯಾಗುವುದು ಹೊಸ ಸೌಲಭ್ಯಗಳೇ ಹೊರತು ಭದ್ರತೆಯ ಚಿಕ್ಕ ತಿದ್ದುಪಡಿಗಳಲ್ಲ. ಇದಕ್ಕೆ ಅದೇ ಕಂಪನಿಯೇ ನಿದರ್ಶನವನ್ನು ಒದಗಿಸಿದೆ. 2013ರ ಐಫೋನ್ 5ಎಸ್‌ಗೆ ಹೊಸ ಆವೃತ್ತಿಗಳು 2018ರ ಆವೃತ್ತಿಯೊಂದಿಗೆ ನಿಂತವು. ಭದ್ರತಾ ತಿದ್ದುಪಡಿಯಾದರೋ 2023ರ ಜನವರಿಯಲ್ಲಿಯೂ ಬಂದಿತು.

ಹಿಂದೆ ಆಂಡ್ರಾಯ್ಡ್ ಫೋನುಗಳಿಗೆ ಎರಡು ಮೂರು ವರ್ಷ ಅಪ್‌ಡೇಟ್ ದೊರೆತರೆ ಅದೇ ಹೆಚ್ಚು. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ, 2024ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ಭರವಸೆಯನ್ನಿತ್ತವು. ಇವೆರಡೂ ದುಬಾರಿ ಫೋನುಗಳೆಂಬುದನ್ನು ಮರೆಯಲಾಗದು. ಅಗ್ಗದ ಮಾದರಿಗಳಿಗೆ ಸಾಮಾನ್ಯವಾಗಿ ಇಷ್ಟು ಕಾಲದ ಭರವಸೆ ಇರುವುದಿಲ್ಲ. ಫೋನನ್ನು ಪದೇಪದೇ ಬದಲಿಸಲಾರದ ಬಡವನ ಫೋನೇ ಬೇಗ ಅನಾಥವಾಗುವುದು ನ್ಯಾಯವೆನಿಸದು.

ವರ್ಷಗಳ ಲೆಕ್ಕ ಎಂದಿನಿಂದ ಆರಂಭವಾಗುತ್ತದೆಂಬುದೂ ಮುಖ್ಯ. ಕಂಪನಿಗಳು ಫೋನು ಬಿಡುಗಡೆಯಾದ ದಿನದಿಂದ ಎಣಿಸುವುದೇ ಹೆಚ್ಚು. ನಾಲ್ಕು ವರ್ಷಗಳ ಭರವಸೆಯುಳ್ಳ ಮಾದರಿಯನ್ನು ಬೆಲೆ ಇಳಿದ ಮೇಲೆ, ಎರಡು ವರ್ಷ ತಡವಾಗಿ ಕೊಂಡವನಿಗೆ ಉಳಿಯುವುದು ಎರಡೇ ವರ್ಷ. ಸೆಕೆಂಡ್‌ಹ್ಯಾಂಡ್ ಕೊಂಡವನ ಪಾಲು ಇನ್ನೂ ಕಡಿಮೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾನೂನು, ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ದೊರೆಯುವುದೆಂದು ತಿಳಿಸಬೇಕೆಂದಷ್ಟೇ ಹೇಳುತ್ತದೆ; ವರ್ಷಗಳನ್ನು ಗೊತ್ತುಮಾಡುವುದಿಲ್ಲ. ಐರೋಪ್ಯ ಒಕ್ಕೂಟದ ನಿಯಮ ಇನ್ನೂ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅನ್ವಯವಾದ ಈ ನಿಯಮವು ಐದು ವರ್ಷಗಳ ಅವಧಿಯನ್ನು ಎಣಿಸುವುದು ಬಿಡುಗಡೆಯ ದಿನದಿಂದಲ್ಲ, ಆ ಮಾದರಿಯ ಕೊನೆಯ ಫೋನನ್ನು ತಯಾರಕನು ಮಾರುಕಟ್ಟೆಗೆ ಬಿಟ್ಟ ದಿನದಿಂದ. 2027ರಲ್ಲಿ ಮಾರುಕಟ್ಟೆಗೆ ಬರುವುದು ನಿಂತ ಮಾದರಿಯ ಅವಧಿ ಹೀಗೆ 2032ರವರೆಗೆ ಸಾಗುತ್ತದೆ.