ಎಂಬತ್ತೊಂದು ಅಡಿ, ಮೂರೂವರೆ ಇಂಚು

ವ್ಯಾಪಾರಸ್ಥರಾದ ನಮಗೆ ತೂಕವೂ ಅಳತೆಯೂ ಹೊಸದಲ್ಲ. ತಕ್ಕಡಿಯ ಪಕ್ಕದಲ್ಲಿರುವ ಐದು ಕಿಲೋ ತೂಕದ ಕಲ್ಲನ್ನು ಎತ್ತಿ ಇಳಿಸಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅದಕ್ಕಿಂತ ಸುಮಾರು ಅರ್ಧ ಕಿಲೋ ಹೆಚ್ಚು ಭಾರದ ಲೋಹದ ಗುಂಡನ್ನು ಒಬ್ಬ ಶಾಲಾ ಹುಡುಗ ಒಂದೇ ಕೈಯಿಂದ ಎಂಬತ್ತೊಂದು ಅಡಿಗೂ ಆಚೆ ಎಸೆದ ಎಂದರೆ ನಂಬುವುದು ಕಷ್ಟ. ಆದರೆ ಇದು ನಡೆದ ಸಂಗತಿ. 1979ರ ಜೂನ್ 16ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾಕ್ರಮೆಂಟೊ ನಗರದಲ್ಲಿ, 'ಗೋಲ್ಡನ್ ವೆಸ್ಟ್' ಎಂಬ ಶಾಲಾ ಕ್ರೀಡಾಕೂಟದಲ್ಲಿ ಆ ಗುಂಡು ನೆಲ ಮುಟ್ಟಿದ್ದು 81 ಅಡಿ ಮೂರೂವರೆ ಇಂಚು ದೂರದಲ್ಲಿ. ಮೀಟರಿನ ಲೆಕ್ಕದಲ್ಲಿ 24.77. ನಾಲ್ಕೂವರೆ ದಶಕ ದಾಟಿದರೂ ಆ ದೇಶದ ಯಾವ ಪ್ರೌಢಶಾಲಾ ಹುಡುಗನಿಗೂ ಆ ಗೆರೆಯನ್ನು ದಾಟಲು ಆಗಿಲ್ಲ.

ಎಸೆದವರು ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಥಾಮಸ್ ಜೆಫರ್ಸನ್ ಪ್ರೌಢಶಾಲೆಯ ಮೈಕಲ್ ಕಾರ್ಟರ್. ಆಗ ಅವರ ವಯಸ್ಸು ಹದಿನೆಂಟು.

ಆಟದ ಬಗೆ

ನಮ್ಮ ಕನ್ನಡ ಶಾಲೆಗಳಲ್ಲಿ ಇದನ್ನು ಗುಂಡು ಎಸೆತ ಎನ್ನುತ್ತೇವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಮಕ್ಕಳಿಗೆ 'ಗೋಳಾಫೇಕ' ಎಂಬ ಮರಾಠಿ ಹೆಸರೇ ಹೆಚ್ಚು ಪರಿಚಿತ. ಹೆಸರು ಎಸೆತವಾದರೂ ಇದು ಚೆಂಡು ಎಸೆದಂತೆ ಎಸೆಯುವ ಆಟವಲ್ಲ. ಗುಂಡನ್ನು ಕತ್ತಿನ ಬಳಿ ಗಲ್ಲಕ್ಕೆ ತಾಗಿಸಿ ಹಿಡಿದು, ಭುಜದ ಮೇಲಿಂದ ಮುಂದಕ್ಕೆ ನೂಕಬೇಕು. ಕೈ ಭುಜದ ಹಿಂದಕ್ಕೆ ಹೋದರೆ ಆ ಎಸೆತ ಲೆಕ್ಕಕ್ಕಿಲ್ಲ. ನಿಲ್ಲುವುದಕ್ಕೆ ಇರುವುದು ಏಳು ಅಡಿ ಅಗಲದ ಒಂದು ವೃತ್ತ ಮಾತ್ರ. ಗುಂಡು ಬೀಳುವ ಮೊದಲು ವೃತ್ತ ಬಿಟ್ಟು ಹೊರಬರುವಂತಿಲ್ಲ. ಆಮೇಲೂ ಹಿಂಭಾಗದಿಂದಲೇ ಹೊರಬರಬೇಕು. ಮುಂದಿನ ಅಡ್ಡಹಲಗೆಯ ಮೇಲ್ಭಾಗವನ್ನು ಕಾಲು ಮುಟ್ಟಿದರೂ ತಪ್ಪು.

ತೋಳಿನ ಬಲ ಒಂದೇ ಸಾಲದು ಎಂಬುದು ಇದರಿಂದ ತಿಳಿಯುತ್ತದೆ. ಬಲ ಕಾಲಿನಿಂದ ಹುಟ್ಟಿ, ಸೊಂಟದ ತಿರುವಿನಲ್ಲಿ ಬೆಳೆದು, ಕೊನೆಗೆ ಬೆರಳ ತುದಿಗೆ ಬರಬೇಕು. ಕೈಬಿಡುವ ಹೊತ್ತಿಗೆ ಗುಂಡಿಗೆ ಎಷ್ಟು ವೇಗವಿದೆ ಎಂಬುದೇ ಮುಖ್ಯ. ಆ ವೇಗ ಸ್ವಲ್ಪ ಏರಿದರೂ ದೂರ ಬಹಳ ಏರುತ್ತದೆ. ಸ್ವಲ್ಪ ತಪ್ಪಿದರೂ ಅಡಿಗಟ್ಟಲೆ ನಷ್ಟ.

ಅಮೆರಿಕದ ಪ್ರೌಢಶಾಲಾ ಹುಡುಗರ ಗುಂಡಿನ ತೂಕ 12 ಪೌಂಡು, ಅಂದರೆ ಸುಮಾರು 5.44 ಕಿಲೋ. ದೊಡ್ಡವರ ಗುಂಡು 16 ಪೌಂಡು, ಅಂದರೆ 7.26 ಕಿಲೋ. ಆದ್ದರಿಂದ ಶಾಲೆಯ ದಾಖಲೆಯನ್ನು ಒಲಿಂಪಿಕ್ ದಾಖಲೆಯ ಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ. ಶಾಲೆಯ ದಾಖಲೆಯನ್ನು ಶಾಲೆಯ ದಾಖಲೆಯೊಂದಿಗೇ ತೂಗಬೇಕು.

ಹಾಗೆ ತೂಗಿದಾಗ ಕಾರ್ಟರ್ ಅವರ ಎಸೆತದ ಬೆಲೆ ತಿಳಿಯುತ್ತದೆ. ಅವರಿಗಿಂತ ಹಿಂದೆ 1968ರಲ್ಲಿ ಸ್ಯಾಮ್ ವಾಕರ್ ಎಸೆದ 72 ಅಡಿ ಮೂರೂಕಾಲು ಇಂಚು ದೊಡ್ಡ ದಾಖಲೆಯಾಗಿತ್ತು. 1979ರಲ್ಲಿ ಕಾರ್ಟರ್ ಮೊದಲು 77 ಅಡಿಗೆ ಹೋದರು. ಸ್ಯಾಕ್ರಮೆಂಟೊದಲ್ಲಿ ತಮ್ಮದೇ ದಾಖಲೆಗೆ ಮತ್ತೆ ನಾಲ್ಕು ಅಡಿಗೂ ಹೆಚ್ಚು ಸೇರಿಸಿದರು. ಇಂಚು, ಅರ್ಧ ಇಂಚುಗಳಲ್ಲಿ ದಾಖಲೆಗಳು ಮುರಿಯುವ ಆಟದಲ್ಲಿ ಹನ್ನೊಂದು ವರ್ಷದೊಳಗೆ ಒಂಬತ್ತು ಅಡಿಯ ಜಿಗಿತ!

1990ರಲ್ಲಿ ಬ್ರೆಂಟ್ ನೂನ್ 76 ಅಡಿ 2 ಇಂಚು ಎಸೆದರು. 2011ರಲ್ಲಿ ರಯಾನ್ ಕ್ರೌಸರ್ ಒಳಾಂಗಣದಲ್ಲಿ 77 ಅಡಿ ಎರಡೂಮುಕ್ಕಾಲು ಇಂಚು ಎಸೆದರು. ಇದೇ ಕ್ರೌಸರ್ ಮುಂದೆ 2016, 2021 ಮತ್ತು 2024ರ ಮೂರು ಒಲಿಂಪಿಕ್ ಕೂಟಗಳಲ್ಲಿ ಚಿನ್ನ ಗೆದ್ದರು. 2023ರಲ್ಲಿ ದೊಡ್ಡವರ ಗುಂಡನ್ನು 23.56 ಮೀಟರ್ ಎಸೆದು ವಿಶ್ವದಾಖಲೆ ಮಾಡಿದರು. ಅಂಥವರೂ ಶಾಲೆಯಲ್ಲಿದ್ದಾಗ ಕಾರ್ಟರ್ ಗುರುತಿಗೆ ನಾಲ್ಕು ಅಡಿ ಹಿಂದೆಯೇ ಉಳಿದರು.

ದಾಖಲೆಯ ನಂತರ

ಶಾಲೆಯಲ್ಲಿ ಮಿಂಚಿದ ಎಷ್ಟೋ ಮಕ್ಕಳು ಮುಂದೆ ಕಾಣಿಸುವುದೇ ಇಲ್ಲ. ಕಾರ್ಟರ್ ಹಾಗಾಗಲಿಲ್ಲ. ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಓದುತ್ತ ಗುಂಡು ಎಸೆತವನ್ನೂ ಅಮೆರಿಕನ್ ಫುಟ್‌ಬಾಲನ್ನೂ ಒಟ್ಟಿಗೆ ನಡೆಸಿದರು. 1984ರ ಆಗಸ್ಟಿನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 21.09 ಮೀಟರ್ ಎಸೆದು ಬೆಳ್ಳಿ ಪದಕ ಪಡೆದರು. ಚಿನ್ನ ಇಟಲಿಯ ಅಲೆಸ್ಸಾಂಡ್ರೊ ಆಂಡ್ರೈ ಅವರ ಪಾಲಾಯಿತು. ಇಬ್ಬರ ನಡುವೆ ಇದ್ದ ಅಂತರ ಕೇವಲ 17 ಸೆಂಟಿಮೀಟರ್.

ಪದಕ ಗೆದ್ದವರು ನೇರವಾಗಿ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡ ಸೇರಿದರು. 1985ರ ಜನವರಿಯಲ್ಲಿ ಆ ತಂಡ ದೇಶದ ಅತಿ ದೊಡ್ಡ ಪಂದ್ಯವಾದ 'ಸೂಪರ್ ಬೌಲ್' ಗೆದ್ದಿತು. ಆರು ತಿಂಗಳೊಳಗೆ ಒಲಿಂಪಿಕ್ ಪದಕವೂ ಸೂಪರ್ ಬೌಲ್ ವಿಜಯವೂ ಒಬ್ಬರ ಪಾಲಿಗೆ ಬಂದದ್ದು ಅಪರೂಪ. ಇದೇ ತಂಡದೊಂದಿಗೆ 1989 ಮತ್ತು 1990ರಲ್ಲಿ ಮತ್ತೆರಡು ಸೂಪರ್ ಬೌಲ್‌ಗಳಲ್ಲೂ ಗೆದ್ದರು.

ಮಗಳು ಮಿಷೆಲ್

ಕತೆ ಇಲ್ಲಿಗೇ ಮುಗಿದಿದ್ದರೆ ಇದನ್ನು ನಮ್ಮ ಕುಟುಂಬ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ನಿಜವಾಗಿ ನಮ್ಮ ಮನಸ್ಸಿಗೆ ತಾಗಿದ್ದು ಮುಂದಿನ ಭಾಗ.

1985ರಲ್ಲಿ ಹುಟ್ಟಿದ ಮಗಳು ಮಿಷೆಲ್ ಏಳನೆಯ ತರಗತಿಯಲ್ಲಿದ್ದಾಗ ಗುಂಡು ಹಿಡಿದಳು. ಅವಳನ್ನು ಕರೆದದ್ದು ಶಾಲೆಯ ತರಬೇತುದಾರರು, ತಂದೆಯಲ್ಲ. ಮಗಳಿಗೆ ಆಸೆ ಇದೆ ಎಂದು ಕಂಡ ಮೇಲೆ ತಂದೆ ಕಲಿಸಲು ನಿಂತರು. ಮುಂದೆ ಅವರೇ ಅವಳ ತರಬೇತುದಾರರಾದರು. 2003ರಲ್ಲಿ ಟೆಕ್ಸಾಸಿನ ರೆಡ್ ಓಕ್ ಪ್ರೌಢಶಾಲೆಯ ವಿದ್ಯಾರ್ಥಿನಿಯಾಗಿ ಮಿಷೆಲ್ 54 ಅಡಿ ಹತ್ತೂಮುಕ್ಕಾಲು ಇಂಚು ಎಸೆದು ಹುಡುಗಿಯರ ರಾಷ್ಟ್ರೀಯ ಶಾಲಾ ದಾಖಲೆ ಬರೆದರು. ಹುಡುಗರ ದಾಖಲೆ ತಂದೆಯದು, ಹುಡುಗಿಯರ ದಾಖಲೆ ಮಗಳದು! ಹನ್ನೊಂದು ವರ್ಷ ಎರಡೂ ಒಂದೇ ಮನೆಯಲ್ಲಿದ್ದವು.

ಆದರೂ ಮಗಳ ಹಾದಿ ಸುಲಭವಾಗಿರಲಿಲ್ಲ. ಕಿವಿ ಸರಿಯಾಗಿ ಕೇಳಿಸದ ತೊಂದರೆಯೂ ಓದುವುದರಲ್ಲಿ ತೊಡಕೂ ಬಾಲ್ಯದಿಂದ ಇದ್ದವು. 2008ರ ಬೀಜಿಂಗ್, 2012ರ ಲಂಡನ್ ಒಲಿಂಪಿಕ್ಸ್‌ಗಳಿಂದ ಪದಕವಿಲ್ಲದೆ ಮರಳಿದರು. 2016ರ ಆಗಸ್ಟ್ 12ರಂದು ರಿಯೊದಲ್ಲಿ, ಎರಡು ಬಾರಿ ಚಿನ್ನ ಗೆದ್ದಿದ್ದ ನ್ಯೂಜಿಲೆಂಡಿನ ವ್ಯಾಲೆರಿ ಆ್ಯಡಮ್ಸ್ 20.42 ಮೀಟರ್ ಎಸೆದು ಮುಂದಿದ್ದರು. ಮಿಷೆಲ್ ಅವರಿಗೆ ಉಳಿದಿದ್ದುದು ಕೊನೆಯ ಒಂದು ಎಸೆತ. ಆ ಗುಂಡು 20.63 ಮೀಟರ್ ಹೋಯಿತು. ಮಹಿಳೆಯರ ಗುಂಡು ಎಸೆತದಲ್ಲಿ ಅಮೆರಿಕಕ್ಕೆ ದೊರೆತ ಮೊದಲ ಒಲಿಂಪಿಕ್ ಚಿನ್ನ ಅದು. ಮೂವತ್ತೆರಡು ವರ್ಷದ ಹಿಂದೆ ತಂದೆಗೆ ದಕ್ಕದ ಬಣ್ಣದ ಪದಕ ಮಗಳ ಕೊರಳಿಗೆ ಬಂತು.

ಮಿಷೆಲ್ ಅವರ ಶಾಲಾ ದಾಖಲೆಯನ್ನು 2014ರಲ್ಲಿ ರೇವನ್ ಸಾಂಡರ್ಸ್ ಮುರಿದಿದ್ದರು. ಆ ಸಾಂಡರ್ಸ್ ಕೂಡ ರಿಯೊದ ಅದೇ ಅಂತಿಮ ಸುತ್ತಿನಲ್ಲಿದ್ದು ಐದನೆಯ ಸ್ಥಾನ ಪಡೆದರು. 2021ರಲ್ಲಿ ಟೋಕಿಯೊದಲ್ಲಿ ಬೆಳ್ಳಿ ಗೆದ್ದರು. ದಾಖಲೆ ಎಂಬುದು ಮುಂದೆ ಬರುವವರಿಗೆ ಹಾಕಿಟ್ಟ ಗೆರೆ. ಮುರಿದರೆ ಅದು ಹಾಕಿದವರಿಗೂ ಗೌರವವೇ.

ನಾವು ಯೋಚಿಸಬೇಕಾದದ್ದು

ನಮ್ಮ ಮನೆಗಳಲ್ಲಿ ತಂದೆ ಮಕ್ಕಳಿಗೆ ಬಿಟ್ಟುಹೋಗುವುದು ಅಂಗಡಿ, ಗಿರಾಕಿ, ಪೇಟೆಯಲ್ಲಿ ಗಳಿಸಿದ ಹೆಸರು. ಅದು ದೊಡ್ಡ ಆಸ್ತಿಯೇ ಸರಿ. ಆದರೆ ಎಷ್ಟೋ ಸಲ ಆ ಹೆಸರೇ ಮಗನ ತಲೆಯ ಮೇಲಿನ ಹೊರೆಯಾಗುತ್ತದೆ. 'ನಿಮ್ಮ ಅಪ್ಪ ಹೀಗಿದ್ದರು' ಎಂಬ ಮಾತನ್ನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಹುಡುಗ ದಿನವೂ ಕೇಳುತ್ತಾನೆ. ಮಗಳಿಗಾದರೋ ಆ ಗದ್ದಿಗೆಯ ಮಾತೇ ಬರುವುದಿಲ್ಲ. ದೇಶಕ್ಕೇ ಗೊತ್ತಿದ್ದ ದಾಖಲೆಯೊಂದು ಮನೆಯಲ್ಲಿದ್ದೂ ಕಾರ್ಟರ್ ಅದನ್ನು ಮಗಳ ಮೇಲೆ ಹೊರಿಸಲಿಲ್ಲ. ಅವಳು ತಾನಾಗಿ ಬಂದಾಗ ತಮಗೆ ತಿಳಿದುದನ್ನೆಲ್ಲ ಧಾರೆ ಎರೆದರು. ಕೊಡುವ ಈ ಕ್ರಮ ನಮ್ಮ ಹಿರಿಯರೂ ಗಮನಿಸತಕ್ಕದ್ದು.

ಇನ್ನೊಂದು ಮಾತು. ಆಟವೆಂದರೆ ಹೊತ್ತುಗಳೆಯುವುದು ಎಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಶಾಲೆಯ ಕ್ರೀಡಾದಿನದಂದು ಮಗು ಗುಂಡು ಎಸೆಯುತ್ತೇನೆ ಎಂದರೆ ಬೇಡವೆನ್ನಬೇಡಿ, ಹುಡುಗಿಯಾದರೂ ಅಷ್ಟೇ. ವಯಸ್ಸಿಗೆ ತಕ್ಕ ತೂಕದ ಗುಂಡು ಕೊಡುತ್ತಾರೆಯೇ ಎಂದು ಮಾತ್ರ ಕೇಳಿ ತಿಳಿಯಿರಿ. ಅಂತರರಾಷ್ಟ್ರೀಯ ಕೂಟಗಳಲ್ಲಿ ಹದಿನೆಂಟರ ಒಳಗಿನ ಹುಡುಗರಿಗೆ 5 ಕಿಲೋ, ಹುಡುಗಿಯರಿಗೆ 3 ಕಿಲೋ. ಇಪ್ಪತ್ತರ ಒಳಗಿನವರಿಗೆ ಕ್ರಮವಾಗಿ 6 ಮತ್ತು 4 ಕಿಲೋ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಹಗುರವಾದುದೇ ಇರಬೇಕು.

ನಮ್ಮ ದೇಶದ ತಜಿಂದರ್‌ಪಾಲ್ ಸಿಂಗ್ ತೂರ್ 2018 ಮತ್ತು 2023ರಲ್ಲಿ ಎರಡು ಬಾರಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿದ್ದಾರೆ. 2023ರಲ್ಲಿ ಭುವನೇಶ್ವರದಲ್ಲಿ 21.77 ಮೀಟರ್ ಎಸೆದಿದ್ದಾರೆ. ಈ ಆಟ ನಮ್ಮವರಿಗೆ ಎಟುಕದ್ದೇನಲ್ಲ. ನಮ್ಮ ಗಡಿನಾಡಿನ ಯಾವುದೋ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆಯ ವೃತ್ತದೊಳಗೆ ನಾಳೆ ನಿಲ್ಲುವ ಮಗು ನಮ್ಮದೇ ಮನೆಯದಿರಬಹುದು. ಅದು ಎಷ್ಟು ಅಡಿ ಎಸೆಯಿತು ಎಂದು ಕೇಳುವ ಮೊದಲು, ಅದಕ್ಕೆ ಎಸೆಯಲು ಬಿಟ್ಟೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.