ಉಗ್ರಾಣದ ಕೆಲಸವೂ ಒಂದು ವಿದ್ಯೆ



ಮಕ್ಕಳು ಪದವಿ ಮುಗಿಸಿದೊಡನೆ ಬ್ಯಾಂಕು, ಬೆಂಗಳೂರು ಎಂದು ನಾವು ಹಂಬಲಿಸುತ್ತೇವೆ. ಗೋದಾಮಿನ ಕೆಲಸವೆಂದರೆ ಮೂಟೆ ಎಣಿಸುವುದೆಂದು ಮೂಗು ಮುರಿಯುತ್ತೇವೆ. ಈ ತಾತ್ಸಾರದಿಂದ ನಷ್ಟ ಬೆಳೆಗಾರರಾದ ನಮಗೇ.

ಪೂಲ್ ಪದ್ಧತಿಯಿದ್ದಾಗ ಕಾಫಿಯನ್ನು ಮಂಡಳಿಗೆ ಒಪ್ಪಿಸಿದರೆ ನಮ್ಮ ಹೊಣೆ ಮುಗಿಯುತ್ತಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಯಾವಾಗ ಮಾರಬೇಕೆಂಬ ನಿರ್ಧಾರ ನಮ್ಮದಾಯಿತು. ಧಾರಣೆಗೆ ಕಾಯಬೇಕಾದರೆ ಮೊದಲು ಮಾಲು ಕೆಡದಂತೆ ಕಾಯಬೇಕು.

ಅದಕ್ಕೆ ತಿಳುವಳಿಕೆ ಬೇಕು. ತೇವಾಂಶವು ಪಾರ್ಚ್‌ಮೆಂಟಿಗೆ ಶೇಕಡ 10, ರೊಬಸ್ಟಾ ಚೆರಿಗೆ 11, ಅರೇಬಿಕಾ ಚೆರಿಗೆ 12 ಮೀರದಂತೆ ಅಳೆದು ನೋಡಬೇಕು. ಚೀಲಗಳು ನೆಲ, ಗೋಡೆಗಳಿಗೆ ತಾಗದಂತೆ ಮರದ ಹಲಗೆಗಳ ಮೇಲೆ ಅಟ್ಟಿ ಕಟ್ಟಿಸಬೇಕು. ಕಾಫಿ ಬೇಗ ವಾಸನೆ ಹೀರುತ್ತದೆ. ಗೊಬ್ಬರ, ಔಷಧಿಗಳನ್ನು ಅದರ ಬಳಿ ಇಡಕೂಡದು. ಮಳೆಗಾಲದಲ್ಲಿ ಚಾಲಿ ಅಡಿಕೆಗೆ ಬೂಷ್ಟು, ಹುಳು ಹಿಡಿಯದಂತೆ ಎಚ್ಚರ ಬೇಕು. ಮೊದಲು ಬಂದ ಮಾಲು ಮೊದಲು ಹೊರಡಬೇಕು. ಲಾರಿ, ವಿಮೆ, ದಾಸ್ತಾನು ಲೆಕ್ಕ ಎಲ್ಲವೂ ಉಗ್ರಾಣ ಪಾಲಕರ ಹೊಣೆ.

2007ರ ಉಗ್ರಾಣ ಕಾಯಿದೆಯಡಿ ನೋಂದಾಯಿತ ಉಗ್ರಾಣದ ವರ್ಗಾವಣೀಯ ರಸೀತಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದು. ಆದರೆ ಮಾಲನ್ನು ಕಾಯುವವರು ಪ್ರಾಮಾಣಿಕರಾದರಷ್ಟೇ ಆ ರಸೀತಿಗೆ ಬೆಲೆ.

ಕೇಂದ್ರ ಮತ್ತು ರಾಜ್ಯ ಉಗ್ರಾಣ ನಿಗಮಗಳು 1957ರಿಂದ ಇವೆ. ಕ್ಯೂರಿಂಗ್ ವರ್ಕ್ಸ್, ಬಂದರು, ಸಹಕಾರ ಸಂಘಗಳಲ್ಲೂ ಈ ವಿದ್ಯೆಗೆ ಜಾಗವಿದೆ. ವಾಣಿಜ್ಯ ಅಥವಾ ಕೃಷಿ ಓದಿದ ನಮ್ಮ ಹುಡುಗ ಹುಡುಗಿಯರು ಇತ್ತ ನೋಡಲಿ. ಸಂಘಗಳೂ ಅವರನ್ನು ಗುಮಾಸ್ತರ ಸಂಬಳದಲ್ಲಿ ಕೂರಿಸದೆ ತಕ್ಕ ವೇತನ ಕೊಡಲಿ. ವರ್ಷದ ದುಡಿಮೆಯನ್ನೆಲ್ಲ ತುಂಬಿಟ್ಟ ಬಾಗಿಲಿನ ಬೀಗದ ಕೈ ಬಲ್ಲವರ ಬಳಿಯಿರಬೇಕು.